ರೊಟ್ಟಿ ಕಲ್ಲಿನಿಂದ ಅಳತೆ ಶುರುಮಾಡಿದ ಅಡುಗೆಮನೆ: ಕಲಬುರಗಿಯ ಒಂದು ಪ್ರಕರಣ

ಕಲಬುರಗಿಯ ಹಳೇ ಓಣಿಯೊಂದರಲ್ಲಿ ಒಂದು ಮನೆಯ ಅಡುಗೆಮನೆಯನ್ನು ಗಾಲಿಕುರ್ಚಿಯಲ್ಲಿ ಕೂತು ಅಡುಗೆ ಮಾಡುವವರಿಗೆ ಹೊಂದುವ ಹಾಗೆ ಬದಲಾಯಿಸಿದೆವು. ಆ ಕೆಲಸದ ಪೂರ್ತಿ ವಿವರ ಇದು. ನಾನು ಸಿವಿಲ್ ಇಂಜಿನಿಯರ್, ಸಣ್ಣಪುಟ್ಟ ಮನೆ ರಿಪೇರಿ ಕೆಲಸವೇ ಜಾಸ್ತಿ. ಇಂಥ ಅಡುಗೆಮನೆ ಬೇಕಾದ ಮನೆಗಳು ನಮ್ಮ ಭಾಗದಲ್ಲಿ ತುಂಬಾ ಇವೆ. ಆದರೆ ಚಿತ್ರಗಳಲ್ಲಿ ಸಿಗುವ ಮಾದರಿಗಳೆಲ್ಲ ಬ್ರೆಡ್ಡು, ಓವನ್, ಡಿಶ್‌ವಾಷರ್ ಇರುವ ಮನೆಗಳವು. ಜೋಳದ ರೊಟ್ಟಿ ಬಡಿಯುವ ಮನೆಗೆ ಅವುಗಳ ಅಳತೆ ಹಾಗೇ ಕೂರುವುದಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮನೆಯವರು ಶಾಲೆ ಶಿಕ್ಷಕಿ. ಓಣಿಯಲ್ಲಿ ಎಲ್ಲರಿಗೂ ಅವರು ಅಕ್ಕೋರು, ಇಲ್ಲೂ ಹಾಗೇ ಕರೆಯುತ್ತೇನೆ. ವಯಸ್ಸು ನಲವತ್ತು ದಾಟಿದೆ. ಮಾಳಿಗೆ ಮೆಟ್ಟಿಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಮೇಲೆ ಬಲ ಚೆನ್ನಾಗಿದೆ, ಕೈ ಗಟ್ಟಿ, ಕೂತು ಮುಂದಕ್ಕೆ ಬಾಗಿ ತಾವೇ ಎದ್ದುಕೊಳ್ಳಬಲ್ಲರು. ಕಾಲಲ್ಲಿ ಶಕ್ತಿ ಇಲ್ಲ, ಸ್ಪರ್ಶವೂ ಇಲ್ಲ. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಬಿಸಿ ತಾಗಿದರೆ, ತರಚಿದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗಳು ಮತ್ತು ಮಂಡಿನೋವಿನ ಅತ್ತೆ ಇದ್ದಾರೆ.

ಮೊದಲ ದಿನ ಮನೆಯವರೆಲ್ಲ ಸೇರಿ ನನಗೆ ಹೇಳಿದ್ದು ಇಷ್ಟೇ: ಚಹಾ ಕಾಸಿಕೊಳ್ಳಲು, ತಟ್ಟೆ ತೊಳೆಯಲು ಅನುಕೂಲ ಆದರೆ ಸಾಕು, ಅಡುಗೆಗೆ ಬೇರೆಯವರಿದ್ದಾರೆ. ಅಕ್ಕೋರು ಸುಮ್ಮನೆ ಕೇಳಿಸಿಕೊಂಡರು. ಎಲ್ಲರ ಮಾತು ಮುಗಿದ ಮೇಲೆ, "ಚಾ ಯಾರರೆ ಕಾಸ್ತಾರ್ರಿ ಸರ. ನಾ ರೊಟ್ಟಿ ಬಡೀಬೇಕು," ಅಂದರು.

ಕೆಲಸದ ದಾರಿ ಅಲ್ಲೇ ಗೊತ್ತಾಯಿತು. ಚಹಾ ಕಾಸುವ ಅಡುಗೆಮನೆ ಬೇರೆ, ರೊಟ್ಟಿ ಬಡಿಯುವ ಅಡುಗೆಮನೆ ಬೇರೆ. ಕಟ್ಟೆಯ ಎತ್ತರ, ಒಲೆಯ ಜಾಗ, ಸಿಲಿಂಡರ್ ಎಲ್ಲಿರಬೇಕು ಅನ್ನುವುದೆಲ್ಲ ಆ ಒಂದು ಕೆಲಸದಿಂದಲೇ ತೀರ್ಮಾನವಾಯಿತು.

ಮೊದಲಿದ್ದ ಜಾಗ ಹೀಗಿತ್ತು. ಎಂಟು ಅಡಿಗೆ ಹತ್ತು ಅಡಿಯ ಕೋಣೆ, ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಪರಸಿ, ಅಂದರೆ ಚಪ್ಪಡಿ ಕಲ್ಲು. ಎರಡು ಗೋಡೆಗೆ ಎಲ್ ಆಕಾರದ ಕಟ್ಟೆ, ಎತ್ತರ 33 ಇಂಚು. ಕಟ್ಟೆಯ ಕೆಳಗೆ ನಿಲ್ಲಿಸಿದ ಪರಸಿಗಳು ಖಾನೆ ಮಾಡಿದ್ದರಿಂದ ಕಾಲು ತೂರಲು ಜಾಗವೇ ಇಲ್ಲ. ಗಾಲಿಕುರ್ಚಿಯಲ್ಲಿ ಬಂದರೆ ಅಡ್ಡಡ್ಡ ನಿಂತು ಮೈ ತಿರುಚಿ ಕೈ ಚಾಚಬೇಕು. ಒಲೆಯ ಮೇಲಿನ ಪಾತ್ರೆಯೊಳಗೆ ಏನಿದೆ ಅಂತಲೂ ಕಾಣುತ್ತಿರಲಿಲ್ಲ, ಪಾತ್ರೆಯ ಬಾಯಿ ಅವರ ಕಣ್ಣಿನ ಮಟ್ಟಕ್ಕಿತ್ತು. ಬಾಗಿಲ ಚೌಕಟ್ಟಿನ ನಡುವೆ ಸಿಗುತ್ತಿದ್ದುದು 27 ಇಂಚು, ಕುರ್ಚಿಯ ಅಗಲ 25. ಗಾಲಿ ತಳ್ಳುವ ಕೈಬೆರಳು ಪ್ರತಿ ಸಲ ಚೌಕಟ್ಟಿಗೆ ತರಚುತ್ತಿತ್ತು.

ಬಾಗಿಲಿನ ವಿಷಯ ಬೇಗ ಮುಗಿಸುತ್ತೇನೆ. ಅಡುಗೆಮನೆಗೆ ಬಾಗಿಲು ಬೇಕಾಗಿರಲಿಲ್ಲ. ಕದ ಮತ್ತು ಚೌಕಟ್ಟು ಎರಡನ್ನೂ ತೆಗೆದು, ಗೋಡೆಯ ಅಂಚಿಗೆ ಗಿಲಾಯಿ ಮಾಡಿ ಪರದೆ ಹಾಕಿದೆವು, 32 ಇಂಚು ಸಿಕ್ಕಿತು. ಕಟ್ಟಡಗಳು ಅಂಗವಿಕಲರಿಗೂ ಹೊಂದುವ ಹಾಗಿರಬೇಕು ಅನ್ನುವ 2021ರ ಕೇಂದ್ರದ ಮಾರ್ಗಸೂಚಿ ಬಾಗಿಲಿಗೆ 900 ಮಿಲಿಮೀಟರ್, ಅಂದರೆ ಸುಮಾರು 35 ಇಂಚು ಕೇಳುತ್ತದೆ. ಅಷ್ಟು ಬೇಕೆಂದರೆ ಮೇಲಿನ ಕಲ್ಲಿನ ತೊಲೆಗೇ ಕೈಹಾಕಬೇಕಿತ್ತು. ಪಡಸಾಲೆಯಿಂದ ನೇರ ಬರುವ ದಾರಿ, ತಿರುವು ಇಲ್ಲ, ಹಾಗಾಗಿ 32 ಸಾಲುತ್ತದೆ. ಅಡುಗೆಮನೆಯ ಹೊಸ್ತಿಲನ್ನು ನೆಲಸಮ ಮಾಡಿದೆವು. ತಲಬಾಗಿಲಿನ ಹೊಸ್ತಿಲಿಗೆ ಮಾತ್ರ ಅತ್ತೆ ಒಪ್ಪಲಿಲ್ಲ. "ಅದಕ ಕೈ ಹಚ್ಚಬ್ಯಾಡ್ರಿ, ದಿನಾ ಪೂಜಿ ಮಾಡ್ತೀವಿ," ಅಂದರು. ಸರಿಯಾದ ಮಾತೇ. ಹೊಸ್ತಿಲು ಹಾಗೇ ಇದೆ, ಅದರ ಎರಡೂ ಕಡೆ ಕಟ್ಟಿಗೆಯ ಇಳಿಜಾರು ಹಲಗೆ ಕೂರಿಸಿದ್ದೇವೆ. ಪೂಜೆ ಹೊತ್ತಿಗೆ ಎತ್ತಿಡುತ್ತಾರೆ.

ಈಗ ರೊಟ್ಟಿಗೆ ಬರೋಣ.

ನಮ್ಮ ಕಡೆ ಹಳೇ ಕಾಲದ ರೊಟ್ಟಿ ಕೆಲಸ ನೆಲದ ಮೇಲಿನದು. ಒಲೆ ನೆಲದಲ್ಲಿ, ಕಲ್ಲು ನೆಲದಲ್ಲಿ, ಬಡಿಯುವವರು ಅದರ ಮುಂದೆ. ಇದರಲ್ಲಿ ಎರಡು ಗುಣ ಇವೆ. ಒಂದು, ಭುಜ ಅಂಗೈಗಿಂತ ಬಹಳ ಮೇಲಿರುತ್ತದೆ, ಆದ್ದರಿಂದ ಬಡಿತಕ್ಕೆ ಮೈಯ ಭಾರವೇ ಸಿಗುತ್ತದೆ, ತೋಳು ನೋಯುವುದಿಲ್ಲ. ಎರಡು, ಕಲ್ಲು ಮತ್ತು ಹಂಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಜೋಳದ ಹಿಟ್ಟಿಗೆ ಗೋಧಿಯ ಅಂಟು ಇರುವುದಿಲ್ಲ, ಎಸರು ಹಾಕಿ ಎಷ್ಟು ನಾದಿದರೂ ಅಗಲವಾದ ರೊಟ್ಟಿ ಎತ್ತುವಾಗ ಹರಿಯುವ ಭಯ ಇದ್ದೇ ಇದೆ. ಕಲ್ಲಿನಿಂದ ಹಂಚಿಗೆ ಎತ್ತರ ಕಡಿಮೆ ಇದ್ದಷ್ಟೂ ಒಳ್ಳೆಯದು. ನಿಂತು ಬಡಿಯುವ ಕಟ್ಟೆಯಲ್ಲಿ ಈ ಎರಡನೇ ಗುಣ ಆಗಲೇ ಹೋಗಿದೆ, ಒಲೆ ಕಟ್ಟೆಯ ಮೇಲೆ ಕೂರುತ್ತದಲ್ವಾ. ಗಾಲಿಕುರ್ಚಿಯಲ್ಲಿ ಕೂತರೆ ಮೊದಲನೆಯದೂ ಹೋಗುತ್ತದೆ.

ಹಾಗಾಗಿ ನಾವು ಗೋಡೆ ಅಳೆಯುವ ಮೊದಲು ಅಕ್ಕೋರನ್ನು ಅಳೆದೆವು. ಟೇಪು ಹಿಡಿದವಳು ಮಗಳು. ಅವರು ದಿನಾ ಕೂರುವ ಕುರ್ಚಿಯಲ್ಲಿ, ದಿನಾ ಬಳಸುವ ದಿಂಬಿನ ಮೇಲೆ ಕೂರಿಸಿ, ನೆಲದಿಂದ ತೊಡೆಯ ಮೇಲ್ಭಾಗಕ್ಕೆ 25 ಕಾಲು ಇಂಚು, ಮಡಚಿದ ಮೊಣಕೈಗೆ 28 ಅರೆ ಇಂಚು. ಇಡೀ ಸಮಸ್ಯೆ ಈ ಎರಡು ಅಂಕಿಗಳಲ್ಲಿದೆ. ತೊಡೆಗೂ ಮೊಣಕೈಗೂ ನಡುವೆ ಬರೀ ಮೂರು ಇಂಚು ಚಿಲ್ಲರೆ. ಕಲ್ಲು, ಅದನ್ನು ಹೊರುವ ಕಬ್ಬಿಣ, ತೊಡೆಗೆ ಸ್ವಲ್ಪ ಬಿಡುವು, ಬಡಿಯಲು ಮೊಣಕೈ ಕೆಳಗಿನ ಇಳುಕು, ಎಲ್ಲವೂ ಇದರೊಳಗೇ ಹಿಡಿಯಬೇಕು.

ಪುಸ್ತಕದ ಅಳತೆ ಇಲ್ಲಿ ಎಷ್ಟು ಸಹಾಯಕ್ಕೆ ಬಂತು ಅಂದರೆ, ಅಮೆರಿಕದ ಅಂಗವಿಕಲರ ಕಾಯ್ದೆಯ (ಎಡಿಎ) ಮಾನದಂಡ ಕೆಲಸದ ಕಟ್ಟೆ 34 ಇಂಚು ಮೀರಬಾರದು, ಮಂಡಿಗೆ 27 ಇಂಚು ಎತ್ತರದ ಜಾಗ ಇರಬೇಕು ಅನ್ನುತ್ತದೆ. ಅಂಥ ಅಂಕಿಗಳು ಯಾರು ಬರುತ್ತಾರೋ ಗೊತ್ತಿಲ್ಲದ ಕಟ್ಟಡಕ್ಕೆ ಸರಿ. ಮನೆಯಲ್ಲಿ ಯಾರು ಕೂರುತ್ತಾರೆ ಅಂತ ಗೊತ್ತಿರುತ್ತದೆ. 34 ಇಂಚಿನ ಕಟ್ಟೆಯಲ್ಲಿ ಅಕ್ಕೋರು ಈರುಳ್ಳಿ ಹೆಚ್ಚಬಹುದು, ಅದೂ ಕಷ್ಟಪಟ್ಟು. ರೊಟ್ಟಿಯಂತೂ ಆಗದು.

ಕಟ್ಟುವ ಮೊದಲು ಪಡಸಾಲೆಯಲ್ಲೇ ಇಟ್ಟಿಗೆ ಜೋಡಿಸಿ, ಮೇಲೆ ಒಂದು ಪರಸಿ ತುಂಡು ಇಟ್ಟು, ನಿಜವಾದ ಹಿಟ್ಟಿನಲ್ಲೇ ರೊಟ್ಟಿ ಬಡಿಸಿ ನೋಡಿದೆವು. ಇಟ್ಟಿಗೆ ತೆಗೆದು, ಚಕ್ಕೆ ತೂರಿಸಿ, ಎತ್ತರ ಬದಲಿಸುತ್ತಾ ಹೋದೆವು. 29 ಇಂಚಿನಲ್ಲಿ ನಾಲ್ಕನೇ ರೊಟ್ಟಿಗೇ ಭುಜ ಹಿಡಿಯಿತು. 27ಕ್ಕೆ ಬಂದಾಗ ಅವರು ಮಾತು ನಿಲ್ಲಿಸಿ ಬಡಿಯತೊಡಗಿದರು, ಕೈ ತಾನೇ ತಿರುಗುತ್ತಿತ್ತು, ಅಲ್ಲಿಗೆ ಎತ್ತರ ಸಿಕ್ಕಿತು ಅಂತ ನಾವೂ ಸುಮ್ಮನಾದೆವು. ಇನ್ನೂ ಎರಡು ಸಂಗತಿ ಆ ಪರೀಕ್ಷೆಯಲ್ಲೇ ತಿಳಿದವು. ಬಡಿಯುವಾಗ ಒಂದು ಕೈ ತಟ್ಟುತ್ತದೆ, ಇನ್ನೊಂದು ರೊಟ್ಟಿ ತಿರುಗಿಸುತ್ತದೆ, ಗಾಲಿ ಹಿಡಿಯಲು ಕೈ ಉಳಿಯುವುದಿಲ್ಲ. ಕುರ್ಚಿಯ ಬ್ರೇಕು ಸ್ವಲ್ಪ ಸಡಿಲ ಇದ್ದರೂ ಕುರ್ಚಿ ಹಿಂದೆ ಜಾರುತ್ತದೆ. ಬ್ರೇಕು ಬಿಗಿ ಮಾಡಿಸಿದೆವು. ಇನ್ನೊಂದು, ಕೆಲಸ ಮುಗಿದ ಮೇಲೆ ಮಗಳು ಅಮ್ಮನ ಕಾಲ್ಬೆರಳಲ್ಲಿ ರಕ್ತ ನೋಡಿದಳು. ಇಟ್ಟಿಗೆಯ ಅಂಚು ತಾಗಿತ್ತು, ಅಕ್ಕೋರಿಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ಕಟ್ಟೆಯ ಕೆಳಮೈಗೆ ಮೇಲ್ಮೈಗಿಂತ ಜಾಸ್ತಿ ಗಮನ ಕೊಟ್ಟೆವು. ಸ್ಕ್ರೂ ಮೊನೆ ಹೊರಗೆ ಬರಬಾರದು, ವೆಲ್ಡಿಂಗ್ ಗಂಟುಗಳನ್ನು ಉಜ್ಜಿ ನುಣುಪು ಮಾಡಬೇಕು, ಆಂಗಲ್ ಅಂಚಿಗೆ ರಬ್ಬರ್ ಪಟ್ಟಿ ಬೇಕು, ಕಾಲುಗಳ ನಡುವೆ ಅಡ್ಡಪಟ್ಟಿ ಇರಕೂಡದು.

ಕಲ್ಲು ಯಾವುದು ಅನ್ನುವ ಪ್ರಶ್ನೆಗೆ ಊರೇ ಉತ್ತರ ಕೊಟ್ಟಿತು. ಮುಕ್ಕಾಲು ಇಂಚಿನ ಶಹಾಬಾದ್ ಪರಸಿ, ಒಂದೂವರೆ ಅಡಿ ಚೌಕ. ಸುತ್ತ ಕಬ್ಬಿಣದ ಫ್ರೇಮು, ಅಂಚಿಗೆ ಮಾತ್ರ ಕಾಲು ಇಂಚಿನ ಪಟ್ಟಿ, ತೊಡೆಯ ಮೇಲೆ ಬರುವ ಜಾಗದಲ್ಲಿ ಏನೂ ಇಲ್ಲ. ಕಲ್ಲಿಗೂ ಕಬ್ಬಿಣಕ್ಕೂ ನಡುವೆ ತೆಳು ರಬ್ಬರ್ ಇರುವುದರಿಂದ ಬಡಿತದ ಸದ್ದು, ಅದುರು ಎರಡೂ ತಗ್ಗಿವೆ. ಮೇಲ್ಮೈ 27, ಕೆಳಗೆ 26, ತೊಡೆಗೆ ಮುಕ್ಕಾಲು ಇಂಚು ಬಿಡುವು. ಇದು ಬಿಗಿಯೇ. ದಿಂಬು ಬದಲಾದರೆ, ಕಾಲು ಬಾತರೆ ಸಾಲದು. ಅದಕ್ಕೆ ಫ್ರೇಮಿನ ಕಾಲುಗಳನ್ನು ಒಂದರೊಳಗೆ ಒಂದು ಕೂರುವ ಚೌಕ ಪೈಪಿನಿಂದ ಮಾಡಿಸಿ, ಅರ್ಧ ಅರ್ಧ ಇಂಚಿಗೆ ತೂತು ಹಾಕಿಸಿ, ಬೋಲ್ಟಿನಲ್ಲಿ ಏರಿಸಿ ಇಳಿಸುವ ಹಾಗೆ ಮಾಡಿದ್ದೇವೆ. ಪರಸಿ ಸುಣ್ಣದಕಲ್ಲು, ಹುಣಸೆ, ನಿಂಬೆ ಬಿದ್ದರೆ ಬಿಳಿ ಕಲೆ ಆಗುತ್ತದೆ. ಅದಕ್ಕೇ ಇದು ರೊಟ್ಟಿಗೆ ಮಾತ್ರ. ಹೆಚ್ಚುವುದು, ರುಬ್ಬುವುದು ಪಕ್ಕದ ಗ್ರಾನೈಟ್ ತುಂಡಿನ ಮೇಲೆ.

ಕಲ್ಲು 27 ಅಂದಮೇಲೆ ಹಂಚೂ 27ಕ್ಕೇ ಬರಬೇಕು. ಅವರ ಒಲೆಯ ಎತ್ತರ, ಹಂಚು ಕೂರುವ ಮಟ್ಟದವರೆಗೆ, ನಾಲ್ಕು ಇಂಚು. ಹಾಗಾದರೆ ಒಲೆ ಕೂರುವ ಕಟ್ಟೆ 23 ಇಂಚು. ನಮ್ಮ ಗೌಂಡಿ ಕೈಯಲ್ಲಿನ ಕರಣೆ ಕೆಳಗಿಟ್ಟು, "ಇಷ್ಟ ಕೆಳಗ ಗ್ಯಾಸಿನ ಕಟ್ಟಿ ಯಾರ ಕಟ್ತಾರ್ರಿ ಸಾಹೇಬ್ರ?" ಅಂತ ಕೇಳಿದ. ಅವನನ್ನು ಒಂದು ಕುರ್ಚಿಯ ಮೇಲೆ ಕೂರಿಸಿ, ಕೈಗೆ ತಟ್ಟೆ ಕೊಟ್ಟು, ಹಳೇ ಕಟ್ಟೆಯ ಮೇಲಿನ ಒಲೆಗೆ ಇಡು ಅಂದೆ. ಮುಂದೆ ಅವನೇ ಎಲ್ಲರಿಗೂ ವಿವರಿಸತೊಡಗಿದ.

ಒಲೆಯ ಕೆಳಗೆ ಮಂಡಿ ತೂರಲು ಜಾಗ ಬಿಡಲಿಲ್ಲ, ಬೇಕೆಂದೇ ಬಿಡಲಿಲ್ಲ. ಕಾಲಿಗೆ ಸ್ಪರ್ಶ ಇಲ್ಲದವರು ಒಲೆಯ ಕೆಳಗೆ ತೊಡೆ ಇಟ್ಟು ಕೂತರೆ, ಬೇಳೆ ಉಕ್ಕಿ ಸುರಿದಾಗ ಸುಟ್ಟದ್ದು ತಿಳಿಯುವುದು ಬೊಬ್ಬೆ ನೋಡಿದ ಮೇಲೆ. ಆದ್ದರಿಂದ ಮಂಡಿ ಯಾವಾಗಲೂ ರೊಟ್ಟಿ ಕಲ್ಲಿನ ಕೆಳಗೆ, ಒಲೆ ಬಲಗೈಗೆ ಪಕ್ಕದಲ್ಲಿ. ಒಲೆ ಕಟ್ಟೆಯ ಅಡಿಯಲ್ಲಿ ಹತ್ತು ಇಂಚು ಟೊಳ್ಳು ಬಿಟ್ಟಿದ್ದೇವೆ, ದೂರದ ಬರ್ನರಿಗೆ ಎದುರಾಗಿ ಬಂದಾಗ ಕುರ್ಚಿಯ ಪಾದಪಟ್ಟಿ ಅಷ್ಟೇ ಒಳಗೆ ಹೋಗುತ್ತದೆ. ಒಲೆಯ ಅಂಚಿನ ಗ್ರಾನೈಟನ್ನು ಅರ್ಧ ಇಂಚು ಎತ್ತರಿಸಿದ್ದರಿಂದ ಉಕ್ಕಿದ್ದು ಅವರ ಕಡೆ ಹರಿಯದು. ಪಕ್ಕಕ್ಕೆ ಕೈ ಚಾಚುವಾಗ ಸೀರೆಯ ಸೆರಗು ಉರಿಯ ಹತ್ತಿರ ಹೋಗುತ್ತದೆ, ಅದಕ್ಕೆ ಅಕ್ಕೋರು ಸೆರಗನ್ನು ಬಿಗಿದು ಸಿಕ್ಕಿಸಿ ಪಿನ್ನು ಹಾಕುತ್ತಾರೆ.

23 ಇಂಚಿನ ಒಲೆ ಕಟ್ಟೆಯಿಂದ ಒಂದು ಹೊಸ ತೊಡಕು ಬಂತು, ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. ಮನೆಯ 14.2 ಕೆಜಿ ಸಿಲಿಂಡರ್, ರೆಗ್ಯುಲೇಟರ್ ಸೇರಿದರೆ ಎರಡು ಅಡಿ ಮೀರುತ್ತದೆ. ಒಲೆ ಯಾವಾಗಲೂ ಸಿಲಿಂಡರಿಗಿಂತ ಮೇಲಿರಬೇಕು ಅನ್ನುವುದು ಗ್ಯಾಸಿನ ಮೂಲ ನಿಯಮ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ, ಅಲ್ಲಿ ಉರಿ ಇರಕೂಡದು. ಒಲೆ ತಗ್ಗಿಸಿ ಸಿಲಿಂಡರ್ ಪಕ್ಕದಲ್ಲೇ ಇಟ್ಟಿದ್ದರೆ ಆ ನಿಯಮ ಮುರಿಯುತ್ತಿತ್ತು. ಹಳೇ ಮನೆಯ ಪಾಯ ಎತ್ತರ ಇರುವುದು ಇಲ್ಲಿ ಕೈಹಿಡಿಯಿತು. ಹಿತ್ತಲ ನೆಲ ಅಡುಗೆಮನೆ ನೆಲಕ್ಕಿಂತ ಒಂದೂವರೆ ಅಡಿ ಕೆಳಗಿದೆ. ಸಿಲಿಂಡರನ್ನು ಅಲ್ಲಿಗೆ ಕಳಿಸಿದೆವು. ಗಾಳಿಯಾಡುವ ಜಾಲರಿ ಗೂಡು, ಮೇಲೆ ನೆರಳಿಗೆ ಪರಸಿ ಹಾಸು. ಕಲಬುರಗಿಯ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ, ಸಿಲಿಂಡರನ್ನು ಬಯಲಿಗೆ ಬಿಡುವ ಮಾತೇ ಇಲ್ಲ. ಗೋಡೆಯೊಳಗೆ ರಬ್ಬರ್ ನಳಿಕೆ ತೂರಿಸಬಾರದು, ಅದು ಒಳಗೆ ಬಿರುಕು ಬಿಟ್ಟರೂ ಕಾಣುವುದಿಲ್ಲ. ಅಲ್ಲಿ ತಾಮ್ರದ ಪೈಪು ಹಾಕಿಸಿ, ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿದೆವು. ಒಳಗೆ ಒಲೆ ಕಟ್ಟೆಯ ಮುಂಭಾಗದಲ್ಲೇ ಬಂದ್ ಮಾಡುವ ವಾಲ್ವು ಇದೆ, ಅಕ್ಕೋರ ಬಲಗೈಗೆ ಕೂತಲ್ಲೇ ಸಿಗುತ್ತದೆ. ಮೊದಲು ಕಟ್ಟೆಯ ಕೆಳಗಿನ ಮೂಲೆಯಲ್ಲಿ ಸಿಲಿಂಡರ್ ಇದ್ದಾಗ ರೆಗ್ಯುಲೇಟರ್ ಆರಿಸಲು ಅವರು ಬೇರೆಯವರನ್ನು ಕರೆಯಬೇಕಿತ್ತು. ನನಗೆ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಈ ವಾಲ್ವು. ಖರ್ಚೂ ಜಾಸ್ತಿ ಬಿದ್ದದ್ದು ಈ ಪೈಪಿನ ಕೆಲಸಕ್ಕೇ. ಕಲ್ಲು, ಫ್ರೇಮು ಅದರ ಮುಂದೆ ಅಗ್ಗ.

ಸಿಂಕಿಗೆ ಬೇರೆಯದೇ ಲೆಕ್ಕ. ಕೈ ಒಳಗೆ ಇಳಿಯಬೇಕು, ಕೆಳಗೆ ತೊಡೆಗೂ ಜಾಗ ಬೇಕು. ಐದೂವರೆ ಇಂಚು ಆಳದ ಸಿಂಕು ಹುಡುಕಿ 32 ಇಂಚಿಗೆ ಕೂರಿಸಿದೆವು, ನೀರು ಹೋಗುವ ತೂತು ಹಿಂದಿನ ಮೂಲೆಯಲ್ಲಿ. ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟಾಕಿಯ ನೀರು ಮಧ್ಯಾಹ್ನ ಕೈ ಇಡಲು ಆಗದಷ್ಟು ಕಾಯುತ್ತದೆ. ಆ ನೀರು ಹರಿಯುವ ಪೈಪು, ಸಿಂಕಿನ ತಳ ಬರಿಗಾಲಿಗೆ, ತೊಡೆಗೆ ಒತ್ತಿಕೊಂಡಿದ್ದರೆ ಚರ್ಮಕ್ಕೆ ಅಪಾಯ. ಎರಡಕ್ಕೂ ಫೋಮು ಸುತ್ತಿಸಿದೆವು. ನಳವನ್ನು ಹಿಂದಿನ ಗೋಡೆಯಿಂದ ಪಕ್ಕಕ್ಕೆ ತಂದು ಉದ್ದ ಹಿಡಿಯ ನಳ ಹಾಕಿದೆವು. ಒಲೆಯ ಬಳಿಯೂ ಒಂದು ಸಣ್ಣ ನಳ ಇದೆ. ಎಸರಿಗೆ ನೀರು ಸಿಂಕಿನಿಂದ ಹೊತ್ತು ತರಬೇಕಿಲ್ಲ.

ಹೊರುವ ಕೆಲಸವನ್ನೇ ಇಲ್ಲವಾಗಿಸಬೇಕು ಅನ್ನುವುದು ನನ್ನ ಹಟ. ಗಾಲಿ ತಳ್ಳಲು ಎರಡೂ ಕೈ ಬೇಕು, ಹಾಗಾಗಿ ಪಾತ್ರೆ ಮಡಿಲಿಗೇ ಬರುತ್ತದೆ, ಬಿಸಿ ಪಾತ್ರೆ ಬಂದರೆ ಕೆಟ್ಟದ್ದು ಆಗಿಯೇ ತೀರುತ್ತದೆ. ಈಗ ಸಾರಿನ ಪಾತ್ರೆ ಒಲೆಯಿಂದ ಕಲ್ಲಿನ ಕಡೆಗೆ ಸರಿಯುತ್ತದೆ, ಮೇಲೆ ಏಳುವುದಿಲ್ಲ. ಅನ್ನ ಬಸಿಯುವುದನ್ನು ಬಿಟ್ಟು ಅಳತೆ ನೀರಿನ ಕುಕ್ಕರಿಗೆ ಬಂದರು. ತಣ್ಣಗಿನದನ್ನು ಒಯ್ಯಲು ಅಂಚು ಇರುವ ಕಟ್ಟಿಗೆ ಹಲಗೆ ಇದೆ, ಅದರ ಕೆಳಗೆ ಕೌದಿಯ ತುಂಡೊಂದನ್ನು ಅತ್ತೆಯೇ ಹೊಲಿದು ಕೊಟ್ಟಿದ್ದಾರೆ. ಜೋಳದ ಹಿಟ್ಟಿನ ದೊಡ್ಡ ಡಬ್ಬಿ ಪಡಸಾಲೆಯಲ್ಲೇ ಇರುತ್ತದೆ, ವಾರಕ್ಕೆ ಬೇಕಾದಷ್ಟು ಸಣ್ಣ ಡಬ್ಬಿಯಲ್ಲಿ ಒಳಗೆ. ಗೋಡೆಯ ಹಳೇ ಗೂಡುಗಳು ಬಹಳ ಉಪಯೋಗಕ್ಕೆ ಬಂದವು, ಹೆಚ್ಚಿನವು ನೆಲದಿಂದ ಎರಡರಿಂದ ನಾಲ್ಕು ಅಡಿ ಮಟ್ಟದಲ್ಲಿವೆ, ಕೂತವರ ಕೈಗೆ ಸರಿಯಾಗಿ ಸಿಗುತ್ತವೆ. ನೆಲದಲ್ಲಿ ಕೂತು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಕಟ್ಟಿದವಲ್ವಾ. ಮಿಕ್ಸರಿನ ಪ್ಲಗ್ಗು, ಫ್ಯಾನಿನ ಸ್ವಿಚ್ಚು ಹಿಂದಿನ ಗೋಡೆಯಿಂದ ಮುಂದಿನ ಅಂಚಿಗೆ ಬಂದಿವೆ.

ಜಾಗ ಸಣ್ಣದು, ಕುರ್ಚಿ ಪೂರ್ತಿ ತಿರುಗಲು 1500 ಮಿಲಿಮೀಟರ್ ವೃತ್ತ, ಅಂದರೆ ಐದು ಅಡಿ ಬೇಕು. ಎಲ್‌ನ ಒಂದು ತೋಳನ್ನು ಒಡೆದು, ಕಲ್ಲಿನ ಕೆಳಗಿನ ಟೊಳ್ಳನ್ನೂ ಲೆಕ್ಕಕ್ಕೆ ಹಿಡಿದಾಗ ಅದು ಸಿಕ್ಕಿತು. ಇನ್ನೊಂದು ತೋಳಿನ ಹಳೇ 33 ಇಂಚಿನ ಕಟ್ಟೆ ಹಾಗೇ ಉಳಿದಿದೆ, ಗಂಡ, ಮಗಳು ಅಲ್ಲಿ ನಿಂತು ಕೆಲಸ ಮಾಡುತ್ತಾರೆ. ಎಳ್ಳ ಅಮಾವಾಸ್ಯೆಯ ಭಜ್ಜಿ, ಕಡುಬಿನ ದೊಡ್ಡ ಪಾತ್ರೆಗಳೂ ಅಲ್ಲೇ. ಸಜ್ಜಿ ರೊಟ್ಟಿ ಮಾತ್ರ ಅಕ್ಕೋರ ಕಲ್ಲಿನ ಮೇಲೆ. ಅತ್ತೆಯದು ನಾವು ಯೋಚಿಸದ ಲಾಭ. ಮಂಡಿನೋವಿಗೆ ನೆಲದಲ್ಲಿ ಕೂರಲು ಆಗದು, ನಿಂತರೆ ಕಾಲು ಬಾಯುತ್ತದೆ, ವರ್ಷಗಳಿಂದ ಅವರು ಅಡುಗೆಮನೆಗೆ ಬರುವುದೇ ಕಡಿಮೆಯಾಗಿತ್ತು. ಈಗ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು 27 ಇಂಚಿನ ಕಲ್ಲಿನ ಮುಂದೆ ಕೂತು ಸೊಸೆಗೆ ಹಿಟ್ಟು ನಾದಿ ಕೊಡುತ್ತಾರೆ.

ಒಂದೇ ಕಡೆ ಕೂತು ಬುಟ್ಟಿ ತುಂಬ ರೊಟ್ಟಿ ಬಡಿದರೆ ಕೂತ ಜಾಗದಲ್ಲಿ ಒತ್ತುಗಾಯ ಆಗುವ ಅಪಾಯ ಇದೆ. ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಬೇಕು ಅಂತ ಬೆನ್ನುಹುರಿ ಪೆಟ್ಟಾದವರಿಗೆ ಹೇಳಿಕೊಡುತ್ತಾರೆ. ಕುರ್ಚಿಯ ಕೈಯಾಸರೆ ಕಲ್ಲಿನ ಅಂಚಿಗೆ ತಾಗುತ್ತಿತ್ತು, ಪೂರ್ತಿ ತೆಗೆಯಿರಿ ಅಂತ ಒಬ್ಬರು ಹೇಳಿದರು. ತೆಗೆದರೆ ಮೈ ಎತ್ತಲು ಊರುವುದು ಎಲ್ಲಿ? ಮುಂಭಾಗ ಗಿಡ್ಡ ಇರುವ ಕೈಯಾಸರೆ ಹಾಕಿಸಿದೆವು, ಕಲ್ಲಿನ ಕೆಳಗೆ ಹೋಗುವಷ್ಟು ಹೋಗಿ, ಹಿಂದೆ ಊರಲು ಉಳಿಯುತ್ತದೆ. ರೊಟ್ಟಿ ಎಣಿಕೆಯನ್ನೇ ಗಡಿಯಾರ ಮಾಡಿಕೊಂಡಿದ್ದಾರೆ ಅಕ್ಕೋರು. ಐದು ರೊಟ್ಟಿಗೊಮ್ಮೆ ಎತ್ತುತ್ತಾರೆ.

ಇನ್ನೂ ಆಗದ ಕೆಲಸ ಒಂದಿದೆ, ಅದು ಹಿತ್ತಲ ದಾರಿ. ಗ್ಯಾಸ್ ಸೋರಿದರೆ ಒಳಗಿನ ವಾಲ್ವು ಅವರ ಕೈಯಲ್ಲಿದೆ, ಆದರೆ ಹೊರಗಿನ ಸಿಲಿಂಡರ್ ಹತ್ತಿರ ಅವರು ಒಬ್ಬರೇ ಹೋಗಲಾರರು. ಒಂದೂವರೆ ಅಡಿ ಇಳಿಯಲು 1:12 ಲೆಕ್ಕದಲ್ಲಿ, ಅಂದರೆ ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದ ಅಂತ ಹಿಡಿದರೆ, 18 ಅಡಿ ಉದ್ದದ ಇಳಿಜಾರು ಬೇಕು. ಹಿತ್ತಲು ನೇರಕ್ಕೆ ಅಷ್ಟು ಉದ್ದ ಇಲ್ಲ. ನಡುವೆ ಐದು ಅಡಿ ಚೌಕದ ಸಮತಟ್ಟು ಕೊಟ್ಟು, ಬಚ್ಚಲ ಗೋಡೆಯ ಪಕ್ಕಕ್ಕೆ ತಿರುಗಿಸಿದರೆ ಕೂರುತ್ತದೆ, ಗುರುತು ಹಾಕಿ ಇಟ್ಟಿದ್ದೇವೆ. ಅದಕ್ಕೆ ಪಾಲಿಶ್ ಇಲ್ಲದ ಒರಟು ಪರಸಿ ಹಾಕಬೇಕು, ಪಾಲಿಶ್ ಇದ್ದದ್ದು ನೀರು ಬಿದ್ದರೆ ಜಾರುತ್ತದೆ. ಬದಿಗೆ ಗಾಲಿ ಇಳಿಯದ ಹಾಗೆ ಸಣ್ಣ ಏರು ಅಂಚು, ಒಂದು ಕಡೆ ಹಿಡಿಕೆ ಪೈಪು. ಮಳೆಗಾಲ ಮುಗಿದ ಕೂಡಲೇ ಶುರುಮಾಡುತ್ತೇವೆ. ಅಲ್ಲಿಯವರೆಗೆ ಒಬ್ಬರೇ ಇರುವಾಗ ಅಡುಗೆ ಮುಗಿಯುತ್ತಲೇ ವಾಲ್ವು ಬಂದ್ ಮಾಡುತ್ತಾರೆ, ಪಕ್ಕದ ಮನೆಯ ಹುಡುಗನಿಗೆ ಹಿತ್ತಲಿನ ರೆಗ್ಯುಲೇಟರ್ ಹೇಗೆ ಆರಿಸುವುದು ಅಂತ ತೋರಿಸಿಕೊಟ್ಟಿದ್ದೇವೆ.